ಡಾಕ್ ಲಾಕ್‌ಗೆ ಬರ್ತಿರೋ ತಮ್ಮನಿಗೆ

ಮೂಡಿಗೆರೆ ಕಡೆಯವನು, ವಿಯೆಟ್ನಾಮಿನ ಡಾಕ್ ಲಾಕ್ ಪ್ರಾಂತ್ಯದ ಬುವೊನ್ ಮಾ ಥುವೊಟ್‌ನಲ್ಲಿ ಕಾಫಿ ಖರೀದಿ ಕೆಲಸ ಸಿಕ್ಕಿದೆ, ಊಟ ಭಾಷೆ ಎಲ್ಲ ಹೇಗೆ ಅಂತ ಕೇಳಿದ್ದೀಯ. ಕೊನೆಗೆ ಒಂದು ಸಾಲು: "ಅಣ್ಣಾ, ಯುದ್ಧದಲ್ಲಿ ಸುಟ್ಟುಹೋದ ದೇಶ, ಈಗ ಅಲ್ಲಿ ಬಡವರೇ ಇಲ್ವಂತೆ, ನಿಜವಾ?"

ಸಣ್ಣವು ಮೊದಲು. ಮನೆ ಕಂಪನಿಯವರೇ ನೋಡಿಕೊಡ್ತಾರೆ. ಭಾಷೆ ಕಷ್ಟ, ಮೊದಲು ಲೆಕ್ಕದ ಮಾತು ಕಲಿ. ಚಾಂದ್ರಮಾನದ 1 ಮತ್ತು 15ನೇ ದಿನ, ಹೆಚ್ಚುಕಮ್ಮಿ ನಮ್ಮ ಅಮಾವಾಸ್ಯೆ-ಹುಣ್ಣಿಮೆಯ ಹೊತ್ತಿಗೆ, ಇಲ್ಲಿ ಬಹಳ ಜನ ಮಾಂಸ ಬಿಡ್ತಾರೆ. 'ಚಾಯ್' ಅಂತ ಬೋರ್ಡ್ ಇದ್ದರೆ ಅದು ಸಸ್ಯಾಹಾರಿ ಹೋಟೆಲು. ಬೇರೆ ಕಡೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತೆ. ನಮ್ಮ ದೇಶದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ಲಿ ನಡೆಯಲ್ಲ, ಬಂದಮೇಲೆ ಲೈಸೆನ್ಸ್ ಮಾಡಿಸ್ಕೋ.

ಇನ್ನು ಬಡತನ. ಇಳಿದಿದೆ ಅನ್ನೋ ಲೆಕ್ಕ ನಿಜವೇ. 1993ರಲ್ಲಿ ನೂರಕ್ಕೆ 58 ಜನ ಬಡತನದ ರೇಖೆ ಕೆಳಗಿದ್ದರು. ಆಮೇಲೆ ವಿಶ್ವಬ್ಯಾಂಕ್ ಗೆರೆಯನ್ನ ಮೇಲಕ್ಕೆತ್ತಿ ಅಳೆದರೂ 2020ಕ್ಕೆ ಸುಮಾರು 5ಕ್ಕೆ ಬಂತು. ಫ್ಯಾಕ್ಟರಿಗಳಿಂದ ಅಂತ ಎಲ್ಲರೂ ಹೇಳ್ತಾರೆ. ಬಾಕ್ ನಿನ್ಹ್‌ನ ಸ್ಯಾಮ್‌ಸಂಗ್ ನೋಡಿ ಬಂದವರಂತೂ ಬೇರೆ ಮಾತೇ ಆಡಲ್ಲ. ಆದರೆ ಅದಕ್ಕೂ ಮುಂಚೆ ಆಗಿದ್ದು ಜಮೀನಿನ ಕೆಲಸ. 1986ರಲ್ಲಿ 'ದೊಯಿ ಮೊಯಿ' ಸುಧಾರಣೆ ಶುರುವಾಯ್ತು, 1988ರಲ್ಲಿ ಸಾಮೂಹಿಕ ಬೇಸಾಯ ಬಿಟ್ಟು ಗದ್ದೆಯನ್ನ ಮನೆಮನೆಗೆ ವಹಿಸಿದರು. ಅಲ್ಲಿಯವರೆಗೆ ಅಕ್ಕಿ ತರಿಸಿಕೊಳ್ತಿದ್ದ ದೇಶ 1989ರಲ್ಲೇ ಅಕ್ಕಿ ಹೊರಗೆ ಕಳಿಸ್ತು. 1993ರ ಕಾನೂನು ಬಂದಮೇಲೆ ಆ ಜಮೀನು ಬಳಸೋ ಹಕ್ಕನ್ನ ಮಾರಬಹುದು, ಅಡ ಇಡಬಹುದು, ಮಕ್ಕಳಿಗೆ ಬಿಡಬಹುದು. ಒಡೆತನ ಮಾತ್ರ ಇವತ್ತಿಗೂ ಸರ್ಕಾರದ ಕೈಲೇ. ಪಹಣಿ ಇಟ್ಕೊಂಡು ಓಡಾಡೋ ನಮ್ಮೋರಿಗೆ ಇದು ಸುಲಭಕ್ಕೆ ತಲೆಗೆ ಹತ್ತಲ್ಲ.

ಕಾಫಿಯೂ ಹಾಗೇ ಬೆಳೀತು. ಒಂದೆರಡು ಹೆಕ್ಟೇರಿನ ಮನೆಗಳು, ಗಂಡ-ಹೆಂಡತಿಯೇ ಕೊಯ್ಯೋದು. ಕೂಲಿಯವರ ಲೈನ್ ಮನೆ ಇಲ್ಲ, ಲೆಕ್ಕ ಬರೆಯೋ ರೈಟರ್ ಇಲ್ಲ. ನಮ್ಮ ಹಾಗೆ ಸಿಲ್ವರ್ ಓಕ್ ನೆರಳೂ ಬಹಳ ಕಡೆ ಇಲ್ಲ. ಬಿಸಿಲಿಗೆ ಬಿಟ್ಟು, ಹೂಮಳೆಗೆ ಕಾಯದೆ ಬಾವಿ ನೀರು ಹೊಡೀತಾರೆ, ಗೊಬ್ಬರ ಸುರೀತಾರೆ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಕರ್ನಾಟಕದ್ದು ಅಂತ ಹೆಮ್ಮೆ ಪಡ್ತೀವಲ್ಲ, ಇಡೀ ಭಾರತದ ನಾಲ್ಕು ಪಟ್ಟಿಗೂ ಹೆಚ್ಚು ಇವರು ಬೆಳೀತಾರೆ. ಬಾವಿಗಳು ಆಳಕ್ಕೆ ಹೋಗ್ತಿರೋದನ್ನ ಬಂದಮೇಲೆ ನೀನೇ ನೋಡ್ತೀಯ.

ನಾನು ಬಂದಿದ್ದು 2009ರ ಕೊಯ್ಲಿಗೆ. ಟೆಟ್ ಅಂದರೆ ಇಲ್ಲಿನ ಹೊಸವರ್ಷದ ಹಬ್ಬಕ್ಕೆ ಮುಂಚೆ ಎಷ್ಟಾಗುತ್ತೋ ಅಷ್ಟು ಎತ್ತು ಅಂತ ಮ್ಯಾನೇಜರ್ ಹೇಳಿದ್ದ. ಗೊಬ್ಬರದ ಸಾಲ, ಹಬ್ಬದ ಖರ್ಚು ಎರಡೂ ಒಟ್ಟಿಗೆ ಬರ್ತಿತ್ತು. ಜನ ಚೀಲ ಹೇರಿಕೊಂಡು ಬೈಕಲ್ಲಿ ಸಾಲು ನಿಲ್ಲೋರು. ಕಂಪನಿಗೆ ಒಳ್ಳೆ ರೇಟಿಗೆ ಎತ್ತುತ್ತಿದ್ದೆ, ರಾತ್ರಿ ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. 2001ರಲ್ಲಿ ರೇಟು ಪಾತಾಳಕ್ಕೆ ಬಿದ್ದಾಗ ನಮ್ಮಪ್ಪ ಕಣದಿಂದಲೇ ಚೆರಿ ಕೊಟ್ಟಿದ್ದ, ಬ್ಯಾಂಕಿನವರು ಮನೆ ಬಾಗಿಲಿಗೆ ಬಂದಿದ್ದರು. "ಆ ವಿಯೆಟ್ನಾಮಿನೋರು ನಮ್ಮ ಹೊಟ್ಟೆ ಮೇಲೆ ಹೊಡೆದರು" ಅಂತ ಸಾಯೋವರೆಗೂ ಬೈತಿದ್ದ. ಅದೇ ವರ್ಷ ಇಲ್ಲಿನೋರೂ ಸಾಲ ತೀರಿಸಲಾಗದೆ ಗಿಡ ಕಡಿದಿದ್ದರು ಅನ್ನೋದು ನನಗೆ ಇಲ್ಲಿಗೆ ಬಂದಮೇಲೆ ಗೊತ್ತಾಯ್ತು. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ. ಇದ್ದಿದ್ದರೂ ನಂಬ್ತಿದ್ದನೋ ಇಲ್ಲವೋ. ಹೇಳಬೇಕಿತ್ತು ಅನ್ನೋದು ಮಾತ್ರ ಹಾಗೇ ಉಳಿದಿದೆ.

ಈಗ ಆ ಬೈಕಿನ ಸಾಲು ಇಲ್ಲ. ಕೊಯ್ಲಾಗುತ್ತೆ, ಒಣಗಿಸ್ತಾರೆ, ಒಳಗಿಡ್ತಾರೆ, ಮೊಬೈಲಲ್ಲಿ ಲಂಡನ್ ಮಾರುಕಟ್ಟೆಯ ಕಾಫಿ ರೇಟು ನೋಡ್ತಾ ಕೂರ್ತಾರೆ. ಹಬ್ಬಕ್ಕೆ ಬೇಕಾದಷ್ಟನ್ನ ಮಾತ್ರ ಮಾರ್ತಾರೆ. 2023ರ ನವೆಂಬರ್‌ನಲ್ಲಿ ಕಿಲೋಗೆ ಹತ್ತಿರಹತ್ತಿರ 60,000 ಡಾಂಗ್ (ಇಲ್ಲಿನ ದುಡ್ಡು) ಇತ್ತು, 2024ರ ಏಪ್ರಿಲ್‌ಗೆ ಲಕ್ಷ ದಾಟಿತು. ಹಳೇ ರೇಟಿಗೆ ಒಪ್ಪಿಕೊಂಡಿದ್ದ ದಲ್ಲಾಳಿಗಳು ಮಾಲು ಕೊಡಲಿಲ್ಲ, ಕೊಡೋಕೆ ಅವರ ಹತ್ತಿರವೂ ಇರಲಿಲ್ಲ. ನಮ್ಮ ಆಫೀಸಿಗೆ ಆ ವರ್ಷ ಬಿದ್ದ ಏಟು ಇನ್ನೂ ಮಾಸಿಲ್ಲ. ಆಫೀಸಲ್ಲಿ ಎಲ್ಲರೂ ರೈತರನ್ನ ಬೈತಿದ್ದಾಗ ನಾನು ಸುಮ್ಮನೆ ಕೂತಿದ್ದೆ. ಬಡತನ ಇಳಿದಿದೆ ಅಂತ ನನಗೆ ನಂಬಿಕೆ ಬಂದಿದ್ದು ಆ ನಷ್ಟ ನೋಡಿಯೇ, ಶೇಕಡಾ ಲೆಕ್ಕ ನೋಡಿ ಅಲ್ಲ. ಮಾರದೆ ಆರು ತಿಂಗಳು ಇಟ್ಟುಕೊಳ್ಳೋ ತಾಕತ್ತು ಅಪ್ಪನಿಗೆ ಒಂದು ವರ್ಷವೂ ಇರಲಿಲ್ಲ.

ಆ ತಾಕತ್ತು ಇಲ್ಲದವರೂ ಇದ್ದಾರೆ, ನಿನ್ನನ್ನ ಕಂಪನಿ ಕಳಿಸೋದು ಅವರ ಕಡೆಗೇ. ಎಡೆ, ಜರಾಯ್ ಜನ ಈ ಗುಡ್ಡಗಳ ಮೂಲದವರು. 1975ರ ಮೇಲೆ ಇಲ್ಲಿನ ಬಯಲು ಪ್ರದೇಶದಿಂದ ದೇಶದ ಬಹುಸಂಖ್ಯಾತರಾದ ಕಿನ್ಹ್ ಜನ ಲಕ್ಷಗಟ್ಟಲೆ ಬಂದು ನೆಲೆಸಿದರು, ಒಳ್ಳೆ ಕೆಂಪು ಮಣ್ಣು ಎಷ್ಟೋ ಕಡೆ ಕೈ ಬದಲಾಯ್ತು. ಅಲ್ಪಸಂಖ್ಯಾತ ಬುಡಕಟ್ಟುಗಳು ದೇಶದ ಜನರಲ್ಲಿ ನೂರಕ್ಕೆ 15ರಷ್ಟು, ಉಳಿದಿರೋ ಬಡವರಲ್ಲಿ ಹೆಚ್ಚಿನವರು ಅವರೇ. ಆ ಊರುಗಳಲ್ಲಿ ಕಾಯಿ ಹಸಿರಿರುವಾಗಲೇ ಅಂಗಡಿಯವನಿಗೆ ಬರೆದುಕೊಡ್ತಾರೆ. ನಮ್ಮಲ್ಲಿ ಅಡಿಕೆ ತೋಟ ಚೇಣಿಗೆ ಕೊಡ್ತಾರಲ್ಲ, ಅದನ್ನೇ ಅಕ್ಕಿ, ಔಷಧಿ, ಗೊಬ್ಬರದ ಬಾಕಿಗೆ ಮಾಡಿದ ಹಾಗೆ. ರೇಟು ಲಕ್ಷ ದಾಟಿದ ವರ್ಷವೂ ಅವರಿಗೆ ಸಿಕ್ಕಿದ್ದು ಮೊದಲೇ ಬರೆದುಕೊಟ್ಟ ರೇಟು.

2001ರಲ್ಲಿ, 2004ರಲ್ಲಿ ಜಮೀನು, ಧರ್ಮ ಅಂತ ಇಲ್ಲಿ ದೊಡ್ಡ ಗಲಾಟೆ ಆಗಿತ್ತು. ಟೀ ಅಂಗಡಿಯಲ್ಲಿ ಈ ವಿಷಯ ಎತ್ತಬೇಡ. ನಾವು ಹೊರಗಿನವರು, ವೀಸಾ ಮೇಲೆ ಇರೋರು.

ಮುಂಗಡ ಕೊಟ್ಟು ಬುಕ್ ಮಾಡು ಅಂತ ಮೊದಲ ಸೀಸನ್‌ನಲ್ಲೇ ನಿನಗೂ ಹೇಳ್ತಾರೆ. ಕೆಲಸ ಬಿಡು ಅಂತ ಹೇಳೋಕೆ ನಾನು ಯಾರು, ನಾನೇ ಮಾಡ್ತಾ ಬಂದಿದ್ದೀನಿ. ಆದರೆ ರೇಟು ಈಗಲೇ ಕಟ್ಟಬೇಡ ಮಾರಾಯ, ಮಾಲು ಕೊಡೋ ದಿನದ ರೇಟು ಅಂತ ಬರೆಸು. ಮೇಲಿನವರು ಒಪ್ಪೋದು ಕಷ್ಟ, ಎರಡು ಮೂರು ಸಲ ಕೇಳಿದರೆ ಕೆಲವು ಲಾಟಿಗೆ ಒಪ್ತಾರೆ. ಡಿಗ್ರಿ ಸರ್ಟಿಫಿಕೇಟ್ ದೃಢೀಕರಣ ಅಲ್ಲಿಂದಲೇ ಮುಗಿಸಿಕೊಂಡು ಬಾ, ಇಲ್ಲಿಂದ ಮಾಡಿಸೋದು ತಲೆನೋವು. ವರ್ಕ್ ಪರ್ಮಿಟ್ ಖರ್ಚು ಕಂಪನಿಯದ್ದು ಅಂತ ಆಫರ್ ಲೆಟರ್‌ನಲ್ಲಿ ಇಲ್ಲದಿದ್ದರೆ ಸಹಿ ಹಾಕೋಕೆ ಮುಂಚೆ ಕೇಳು.