60 ಮತ ಕೈಯಲ್ಲಿದ್ದರೂ ಒಬಾಮಾ ಯಾಕೆ ಅಷ್ಟು ಒದ್ದಾಡಿದರು?

ನಿಮ್ಮ ಪ್ರಶ್ನೆ ಇದು: 2009ರಲ್ಲಿ ಒಬಾಮಾ ಪಕ್ಷಕ್ಕೆ ಎರಡೂ ಸದನಗಳಲ್ಲಿ ಭರ್ಜರಿ ಬಹುಮತ ಇತ್ತು. ಹಾಗಿದ್ದೂ ಆರೋಗ್ಯ ವಿಮೆ ಕಾನೂನು ಪಾಸು ಮಾಡಲು ವರ್ಷಕ್ಕಿಂತ ಜಾಸ್ತಿ ಯಾಕೆ ಹಿಡಿಯಿತು? ನಮ್ಮಲ್ಲಿ ಆಯುಷ್ಮಾನ್ ಭಾರತ್ ಸಲೀಸಾಗಿ ಬಂತಲ್ಲ?

ನಾನು ಆಗ ಮ್ಯಾಸಚೂಸೆಟ್ಸ್‌ನಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಆಗ ಎಚ್‌1ಬಿ ವೀಸಾ, ವೋಟು ಇಲ್ಲ. ಸುಮ್ನೆ ನೋಡುವ ಕೆಲಸ ಮಾತ್ರ.

ಮೊದಲು ಆಯುಷ್ಮಾನ್ ಮಾತು ಮುಗಿಸಿಬಿಡುತ್ತೇನೆ. ಅದಕ್ಕೆ ಸಂಸತ್ತಿನಲ್ಲಿ ಹೊಸ ಕಾನೂನೇ ಬೇಕಿರಲಿಲ್ಲ. 2018ರ ಬಜೆಟ್‌ನಲ್ಲಿ ಘೋಷಿಸಿದರು, ಸಂಪುಟ ಒಪ್ಪಿತು, ಸೆಪ್ಟೆಂಬರ್‌ನಲ್ಲಿ ರಾಂಚಿಯಲ್ಲಿ ಚಾಲನೆ ಕೊಟ್ಟರು. ಒಂದು ವೇಳೆ ಕಾನೂನು ಬೇಕಾಗಿದ್ದರೂ ನಮ್ಮಲ್ಲಿ ವಿಪ್ ಇದೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನಿಂದಾಗಿ ವಿಪ್ ಮೀರಿ ಮತ ಹಾಕಿದವರ ಕುರ್ಚಿಯೇ ಹೋಗಬಹುದು. ಅಮೆರಿಕದಲ್ಲಿ ಆ ಹೆದರಿಕೆ ಇಲ್ಲ. ಅಲ್ಲಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಒಬ್ಬೊಬ್ಬರದೂ ಒಂದೊಂದು ಪಾಳೆಯಪಟ್ಟು. ರೆಸಾರ್ಟಿಗೆ ಕರೆದುಕೊಂಡು ಹೋಗಿ ಕೂಡಿಹಾಕುವ ಪದ್ಧತಿಯೂ ಇಲ್ಲ!

ಸೆನೆಟ್‌ನಲ್ಲಿ 100 ಜನ. ಮಸೂದೆ ಪಾಸಾಗಲು ಅರ್ಧಕ್ಕಿಂತ ಒಂದು ಜಾಸ್ತಿ ಸಾಕು. ಆದರೆ ಚರ್ಚೆ ಮುಗಿಸಿ ಅದನ್ನು ಮತಕ್ಕೆ ಹಾಕಲು 60 ಬೇಕು. ಒಬಾಮಾ ಪಕ್ಷದ ಡೆಮಾಕ್ರಾಟರ ಬಳಿ ಇದ್ದದ್ದು ಇಬ್ಬರು ಪಕ್ಷೇತರರನ್ನೂ ಸೇರಿಸಿ ಸರಿಯಾಗಿ 60. ಅದೂ ಪೂರ್ತಿ ವರ್ಷ ಅಲ್ಲ. ಆರ್ಲೆನ್ ಸ್ಪೆಕ್ಟರ್ ಏಪ್ರಿಲ್‌ನಲ್ಲಿ ರಿಪಬ್ಲಿಕನ್ ಪಕ್ಷ ಬಿಟ್ಟು ಬಂದರು. ಅಲ್ ಫ್ರಾಂಕೆನ್ ಮತ ಎಣಿಕೆಯ ವ್ಯಾಜ್ಯ ಮುಗಿಸಿ ಒಳಗೆ ಬಂದದ್ದು ಜುಲೈನಲ್ಲಿ. ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ಸೆನೆಟರ್ ಟೆಡ್ ಕೆನೆಡಿ ತೀರಿಕೊಂಡರು. ಆರೋಗ್ಯ ವಿಮೆಗಾಗಿಯೇ ಜೀವ ಸವೆಸಿದ ಮನುಷ್ಯ ಅವರು. ಉಪಚುನಾವಣೆ ಆಗುವವರೆಗೆ ಅವರ ಜಾಗಕ್ಕೆ ಒಬ್ಬರನ್ನು ನೇಮಿಸಿದ ಮೇಲೆಯೇ ಮತ್ತೆ 60 ಆದದ್ದು.

ಸರಿಯಾಗಿ 60 ಇದ್ದರೆ ಏನಾಗುತ್ತದೆ ಗೊತ್ತಾ? ಎಲ್ಲರೂ 60ನೆಯವರೇ ಆಗುತ್ತಾರೆ. ಕನೆಕ್ಟಿಕಟ್‌ನ ಜೋ ಲೀಬರ್‌ಮನ್ ಸರ್ಕಾರಿ ವಿಮೆಯ ಆಯ್ಕೆ ಬೇಡವೇ ಬೇಡ ಎಂದು ಪಟ್ಟು ಹಿಡಿದರು, ಅದು ಹೋಯಿತು. ಅವರ ರಾಜ್ಯದಲ್ಲಿ ದೊಡ್ಡ ದೊಡ್ಡ ವಿಮಾ ಕಂಪನಿಗಳ ಮುಖ್ಯ ಕಚೇರಿಗಳಿವೆ, ಉಳಿದದ್ದು ನೀವೇ ಊಹಿಸಿ. ನೆಬ್ರಾಸ್ಕಾದ ಬೆನ್ ನೆಲ್ಸನ್ ತಮ್ಮ ರಾಜ್ಯದ ಬಡವರ ವಿಮೆ ವಿಸ್ತರಣೆಯ ಖರ್ಚನ್ನು ಕೇಂದ್ರವೇ ಶಾಶ್ವತವಾಗಿ ಹೊರುವಂತೆ ಬರೆಸಿಕೊಂಡರು. ಟೀವಿಯವರು ಅದಕ್ಕೊಂದು ಅಡ್ಡಹೆಸರಿಟ್ಟು ಮಾನ ಹರಾಜು ಹಾಕಿದರು. ಆಮೇಲೆ ಅದನ್ನು ತೆಗೆದೇ ಹಾಕಬೇಕಾಯಿತು. ಕೊನೆಗೆ ಡಿಸೆಂಬರ್ 24ರ ಬೆಳಿಗ್ಗೆ, ಕ್ರಿಸ್ಮಸ್ ಹಿಂದಿನ ದಿನ, 60–39ರಲ್ಲಿ ಪಾಸಾಯಿತು.

ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ನನಗೆ ಅನಿಸುವುದು ಬೇರೆ. ವಿಮೆ ಇಲ್ಲದವರು ಆಗ ಸುಮಾರು 4.6 ಕೋಟಿ ಇದ್ದರು. ಆದರೆ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಜನಕ್ಕೆ ವಿಮೆ ಇತ್ತು, ಅಲ್ವಾ? ಅವರಿಗೆ ಇದ್ದದ್ದು ಒಂದೇ ಚಿಂತೆ: ಹೊಸದು ಬಂದರೆ ನನ್ನದು ಏನಾಗುತ್ತೆ? ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸರ್ಕಾರ ಸಂಬಳ ಏರಿಸಬೇಡಿ ಎಂದು ಕಂಪನಿಗಳ ಕೈ ಕಟ್ಟಿಹಾಕಿತು. ಕಂಪನಿಗಳು ಸಂಬಳದ ಬದಲು ವಿಮೆ ಕೊಡಲು ಶುರು ಮಾಡಿದವು. ಆ ಒಳದಾರಿಯೇ ಹೆದ್ದಾರಿಯಾಯಿತು. ಅದರ ಮೇಲೆ ಹೋಗುತ್ತಿರುವವರಿಗೆ ದಾರಿ ಬದಲಿಸಿ ಅಂದರೆ ಕೇಳುತ್ತಾರಾ? 1945ರಲ್ಲಿ ಅಧ್ಯಕ್ಷ ಟ್ರೂಮನ್ ದೇಶಕ್ಕೆಲ್ಲ ವಿಮೆ ಬೇಕೆಂದು ಕೇಳಿ ಸೋತರು. 1993ರಲ್ಲಿ ಕ್ಲಿಂಟನ್ ಕೈ ಹಾಕಿದಾಗ ವಿಮಾ ಕಂಪನಿಗಳ ಸಂಘ ಟೀವಿಯಲ್ಲಿ ಒಂದು ಜಾಹೀರಾತು ಬಿಟ್ಟಿತು. ಗಂಡ ಹೆಂಡತಿ ಕಾಗದಪತ್ರ ಮುಂದಿಟ್ಟುಕೊಂಡು ಚಿಂತೆಯಲ್ಲಿ ಕೂತಿರುತ್ತಾರೆ, ಅಷ್ಟೇ. ಆ ಯೋಜನೆ ಸದನದಲ್ಲಿ ಮತಕ್ಕೂ ಬರದೆ ಸತ್ತಿತು.

ಒಬಾಮಾ ಆ ಪಾಠ ಕಲಿತಿದ್ದರು. ಔಷಧ ಕಂಪನಿಗಳ ಜತೆ ಮೊದಲೇ ಒಪ್ಪಂದ ಮಾಡಿಕೊಂಡರು. ನಿಮಗಿರುವ ವಿಮೆ ಇಷ್ಟವಾದರೆ ಅದನ್ನೇ ಇಟ್ಟುಕೊಳ್ಳಿ ಎಂದು ಊರೂರಲ್ಲಿ ಹೇಳಿದರು. (2013ರಲ್ಲಿ ಲಕ್ಷಗಟ್ಟಲೆ ಜನಕ್ಕೆ ಪಾಲಿಸಿ ರದ್ದಾದ ಪತ್ರ ಬಂದಾಗ ಅದೇ ಮಾತು ಅವರ ಕುತ್ತಿಗೆಗೆ ಬಿತ್ತು.)

ಈ ಭಯವನ್ನು ನಾನು ಕಣ್ಣಾರೆ ಕಂಡದ್ದು 2010ರ ಜನವರಿಯಲ್ಲಿ. ಕೆನೆಡಿ 1962ರಿಂದ ಗೆಲ್ಲುತ್ತಾ ಬಂದಿದ್ದ ಸ್ಥಾನಕ್ಕೆ ನಮ್ಮ ರಾಜ್ಯದಲ್ಲಿ ಉಪಚುನಾವಣೆ. ನಮ್ಮಲ್ಲಿ 2006ರಲ್ಲೇ, ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಕಾಲದಲ್ಲಿ, ಹೆಚ್ಚುಕಡಿಮೆ ಇಂಥದೇ ಕಾನೂನು ಬಂದಿತ್ತು. ವಿಮಾ ಕಂಪನಿ ಪ್ರತಿ ಜನವರಿ ಒಂದು ಚೀಟಿ ಕಳಿಸುತ್ತದೆ, 1099-ಎಚ್‌ಸಿ ಅಂತ. ರಾಜ್ಯದ ತೆರಿಗೆ ತುಂಬುವಾಗ ಅದನ್ನು ನೋಡಿ, ವರ್ಷಪೂರ್ತಿ ವಿಮೆ ಇತ್ತು ಎಂದು ಬರೆಯಬೇಕು. ಇಲ್ಲದಿದ್ದರೆ ದಂಡ. ದೇಶವೆಲ್ಲ ಯಾವುದಕ್ಕೆ ಬೀದಿಗಿಳಿದು ಕೂಗಾಡುತ್ತಿತ್ತೋ ಅದು ನನ್ನ ಊಟದ ಮೇಜಿನ ಮೇಲೆ ಕರೆಂಟ್ ಬಿಲ್ಲಿನ ಪಕ್ಕ ಬಿದ್ದಿತ್ತು.

ಪಕ್ಕದ ಮನೆಯ ಅಜ್ಜ ಹಿಮ ಗೋರುತ್ತಾ ನಿಂತಿದ್ದರು. ಅಂಗಳದಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಸ್ಕಾಟ್ ಬ್ರೌನ್ ಬೋರ್ಡು. ಜೀವಮಾನವಿಡೀ ಕೆನೆಡಿಗೆ ವೋಟು ಹಾಕಿದವರು! ಯಾಕೆ ಎಂದು ಕೇಳಿದೆ. "ನಮ್ಮ ರಾಜ್ಯಕ್ಕೆ ಆಗಲೇ ಇದೆಯಲ್ಲಪ್ಪ. ಇನ್ನು ಬೇರೆಯವರದ್ದನ್ನೂ ನಾವೇ ಕಟ್ಟಬೇಕಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಮಾಷೆ ಅಂದರೆ, ರಾಜ್ಯದ ಸೆನೆಟ್‌ನಲ್ಲಿದ್ದಾಗ ಆ 2006ರ ಕಾನೂನಿಗೆ ಬ್ರೌನ್ ಕೂಡ ಕೈ ಎತ್ತಿದ್ದರು. ಜನವರಿ 19ರಂದು ಅವರು ಗೆದ್ದರು. 60 ಇದ್ದದ್ದು 59 ಆಯಿತು. ಮಾರನೇ ದಿನ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು, ಇನ್ನು ಕಥೆ ಮುಗೀತು ಅಂತ.

ಮುಗಿಯಲಿಲ್ಲ. ಅದಕ್ಕೆ ಕಾರಣ ಆಗ ಕೆಳಮನೆಯ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿ. ಸೆನೆಟ್ ಮತ್ತೆ ಮತ ಹಾಕುವುದೇ ಬೇಡ, ಡಿಸೆಂಬರ್‌ನಲ್ಲಿ ಪಾಸಾದ ಅದೇ ಮಸೂದೆಯನ್ನು ಕೆಳಮನೆ ಒಂದಕ್ಷರ ಬದಲಿಸದೆ ಒಪ್ಪಲಿ ಎಂದು ತಮ್ಮವರನ್ನು ಒಬ್ಬೊಬ್ಬರಾಗಿ ಒಪ್ಪಿಸಿದರು. ತಿದ್ದುಪಡಿಗಳು ಬಜೆಟ್ ದಾರಿಯಲ್ಲಿ ಬಂದವು, ಅದಕ್ಕೆ 60 ಬೇಕಿಲ್ಲ. ಮಾರ್ಚ್ 21, ಭಾನುವಾರ ರಾತ್ರಿ, 219–212. ಒಬ್ಬೇ ಒಬ್ಬ ರಿಪಬ್ಲಿಕನ್ ಕೂಡ ಪರವಾಗಿ ಮತ ಹಾಕಲಿಲ್ಲ. 23ಕ್ಕೆ ಒಬಾಮಾ ಸಹಿ. ನವೆಂಬರ್‌ನಲ್ಲಿ ಡೆಮಾಕ್ರಾಟರು ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡರು. ವೋಟು ಹಾಕಿದರೆ ಸೀಟು ಹೋಗುತ್ತೆ ಎಂದು ಗೊತ್ತಿದ್ದೂ ಹಾಕಿದವರು ಅದರಲ್ಲಿದ್ದರು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

2017ರಲ್ಲಿ ಟ್ರಂಪ್ ಕಾಲದಲ್ಲಿ ಅದನ್ನು ಕಿತ್ತುಹಾಕಲು ಹೊರಟಾಗ ಆಟ ತಿರುಗಿತು. ಅಷ್ಟರಲ್ಲಿ ಕೋಟಿಗಟ್ಟಲೆ ಜನಕ್ಕೆ ಇದೇ ಕಾನೂನಿನಿಂದ ವಿಮೆ ಸಿಕ್ಕಿತ್ತು. ಈಗ ಅವರ ಸರದಿ: ನನ್ನದು ಏನಾಗುತ್ತೆ? ಭಯವೇ ಪಕ್ಷಾಂತರ ಮಾಡಿತ್ತು. ಜುಲೈ 28ರ ನಡುರಾತ್ರಿ ದಾಟಿದ ಮೇಲೆ ಟ್ರಂಪ್ ಪಕ್ಷದವರೇ ಆದ ಸೆನೆಟರ್ ಜಾನ್ ಮೆಕೇನ್ ಸದನದ ಮುಂದೆ ಬಂದು ಹೆಬ್ಬೆರಳು ಕೆಳಗೆ ಮಾಡಿದರು. 49–51ರಲ್ಲಿ ಕಿತ್ತುಹಾಕುವ ಮಸೂದೆ ಬಿದ್ದುಹೋಯಿತು.

ಡಲ್ಲಾಸ್‌ನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಅರಸೀಕೆರೆ ಕಡೆಯವನು. ಸ್ವಂತ ಕಂಪನಿ ಮಾಡುವ ಆಸೆ, ಆದರೆ ಹೆಂಡತಿಗೆ ಸಕ್ಕರೆ ಕಾಯಿಲೆ. ಕೆಲಸ ಬಿಟ್ಟರೆ ಅವಳಿಗೆ ಹೊರಗೆ ಯಾರೂ ವಿಮೆ ಕೊಡುತ್ತಿರಲಿಲ್ಲ. ಆರು ವರ್ಷ ಇಷ್ಟವಿಲ್ಲದ ಕೆಲಸದಲ್ಲೇ ಕೂತಿದ್ದ. ಕಾಯಿಲೆ ಇದೆ ಎಂದು ವಿಮೆ ನಿರಾಕರಿಸುವಂತಿಲ್ಲ ಎಂಬ ಈ ಕಾನೂನಿನ ನಿಯಮ ಜಾರಿಗೆ ಬಂದ 2014ರಲ್ಲಿ ಬಿಟ್ಟ. ಹೊಸ ಪಾಲಿಸಿಯ ಕಂತು ಜಾಸ್ತಿ, ಮೊದಲು ಕೈಯಿಂದ ಕಟ್ಟಬೇಕಾದ್ದೂ ಜಾಸ್ತಿ ಎಂದು ಗೊಣಗುತ್ತಲೇ ಇರುತ್ತಾನೆ, ಅದು ಸುಳ್ಳೇನಲ್ಲ. ಆದರೆ ಅರ್ಜಿ ತುಂಬಿದ ದಿನ ಫೋನ್ ಮಾಡಿದ್ದ. "ವಯಸ್ಸು ಕೇಳಿದ್ರು, ಊರು ಕೇಳಿದ್ರು, ಆದಾಯ ಕೇಳಿದ್ರು, ಬೀಡಿ ಸಿಗರೇಟು ಸೇದ್ತೀರಾ ಅಂತ ಕೇಳಿದ್ರು. ಶುಗರ್ ವಿಷ್ಯ ಎಲ್ಲೂ ಇಲ್ಲ ಕಣೋ. ಎರಡು ಸಲ ನೋಡಿದೆ."