ಜೋನ್ ಹಿಕ್ಸನ್ ಕಾದು ಕೂತಿರಲಿಲ್ಲ

ಮೂವತ್ತೆಂಟಕ್ಕೇ ಅತ್ತಿಗೆ, ಮನೆಗೆಲಸದವಳಂಥ ಪಾತ್ರಗಳಷ್ಟೇ ಸಿಗುತ್ತಿವೆ, ಎಪ್ಪತ್ತೆಂಟರಲ್ಲಿ ಅಗಾಥಾ ಕ್ರಿಸ್ಟಿ ಕಾದಂಬರಿಗಳ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಆಗಿ ಹೆಸರು ಮಾಡಿದ ಬ್ರಿಟಿಷ್ ನಟಿ ಜೋನ್ ಹಿಕ್ಸನ್ ಅವರಂತೆ ಕಾಯಲೇ ಅಥವಾ ನಟನೆಯನ್ನೇ ಬಿಡಲೇ ಎಂದು ಕೇಳಿದ್ದೀರಿ. ಇದೇ ಹೆಸರನ್ನು ನೆಪ ಮಾಡಿಕೊಂಡು ಆರು ವರ್ಷ ಕಳೆದುಕೊಂಡವಳು ನಾನು.

ಧಾರವಾಡದ ಕಾಲೇಜು ನಾಟಕಗಳಲ್ಲಿ ನಾಯಕಿಯಾಗಿದ್ದ ನಾನು ಮದುವೆಯ ನಂತರ ಇಂಗ್ಲೆಂಡಿನ ಕಾಲ್ಚೆಸ್ಟರ್‌ನಲ್ಲಿ ನೆಲೆಸಿ, ಅಲ್ಲಿನ ಹವ್ಯಾಸಿ ತಂಡವೊಂದನ್ನು ಸೇರಿದೆ. ಎರಡನೆಯ ವರ್ಷ ನಿರ್ದೇಶಕಿ ನನಗೆ ಮನೆಗೆಲಸದವಳ ಪಾತ್ರ ಕೊಟ್ಟರು: ಮೊದಲ ಅಂಕದಲ್ಲಿ ಚಹಾದ ಟ್ರೇ ಹಿಡಿದು ಬಂದು ಮೂರು ಮಾತು, ಎರಡನೆಯದರಲ್ಲಿ ಒಂದು. ಕಂದು ಮೈಬಣ್ಣದವಳಿಗೆ ಇಷ್ಟೇ ಎಂದುಕೊಂಡರೇನೋ ಎಂಬ ಅನುಮಾನ ನನ್ನಲ್ಲಿತ್ತು, ಅದು ಪೂರ್ತಿ ಸುಳ್ಳೆಂದು ಈಗಲೂ ಹೇಳಲಾರೆ. ಆದರೆ ನಾನು ಪಾತ್ರ ಬೇಡವೆಂದದ್ದು ಆ ಕಾರಣಕ್ಕಲ್ಲ, ಸಣ್ಣದೆಂಬ ಕಾರಣಕ್ಕೆ. 'ದೊಡ್ಡದೇನಾದರೂ ಇದ್ದಾಗ ತಿಳಿಸಿ' ಎಂದೆ. ಅವರು ನಕ್ಕು ತಲೆಯಾಡಿಸಿದರು, ಮತ್ತೆಂದೂ ತಿಳಿಸಲಿಲ್ಲ. ತಪ್ಪು ಆ ಒಂದು ಪಾತ್ರ ಬಿಟ್ಟದ್ದಷ್ಟೇ ಅಲ್ಲ. ಅದರೊಂದಿಗೆ ವಾರಕ್ಕೆರಡು ಸಂಜೆಯ ತಾಲೀಮು ಹೋಯಿತು, ತಾಲೀಮಿನೊಂದಿಗೆ ದನಿ ಹೋಯಿತು, ಅಲ್ಲಿ ಯಾರು ಯಾವ ನಾಟಕ ಎತ್ತಿಕೊಳ್ಳುತ್ತಿದ್ದಾರೆಂಬ ಸುದ್ದಿಯೂ ಹೋಯಿತು. ಆ ಟ್ರೇ ಹಿಡಿದ ಹುಡುಗಿಗೆ ಮೂರನೆಯ ವರ್ಷ ಮುಖ್ಯ ಪಾತ್ರ ಸಿಕ್ಕಿತು. ಆರು ವರ್ಷದ ಮೇಲೆ ನಾನು ಆಯ್ಕೆಗೆ ಹೋದಾಗ ಅರ್ಧ ಪುಟದ ಮಾತೂ ಬಾಯಲ್ಲಿ ನಿಲ್ಲಲಿಲ್ಲ.

ಆ ಅವಮಾನದ ನಂತರವೇ ನಾನು ಹಿಕ್ಸನ್ ಅವರ ಬದುಕನ್ನು ಸರಿಯಾಗಿ ಓದಿದ್ದು. ಅವರು ನಮ್ಮೂರಿನ ಪಕ್ಕದ ವಿವೆನ್ಹೋದಲ್ಲೇ ಸುಮಾರು ನಲವತ್ತು ವರ್ಷ ಬಾಳಿದವರು. 1906ರಲ್ಲಿ ಹುಟ್ಟಿ, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ಕಲಿತು, 1927ರಲ್ಲಿ ರಂಗಕ್ಕೆ ಬಂದವರು. ಅಲ್ಲಿಂದ ಮುಂದೆ ಗೊಣಗುವ ಮನೆಯೊಡತಿ, ಆಸ್ಪತ್ರೆಯ ಸಿಸ್ಟರ್, ನೆರೆಮನೆಯ ಹೆಂಗಸು, ಹೀಗೆ ಬಂದದ್ದನ್ನೆಲ್ಲ ಮಾಡಿದರು. 1940ರ ದಶಕದಲ್ಲಿ ಅಗಾಥಾ ಕ್ರಿಸ್ಟಿ ಅವರ ನಾಟಕವೊಂದರಲ್ಲಿ ಇವರನ್ನು ನೋಡಿದ ಲೇಖಕಿ, ಮುಂದೊಂದು ದಿನ ನೀವು ನನ್ನ ಮಿಸ್ ಮಾರ್ಪಲ್ ಆಗಬೇಕೆಂಬ ಆಶಯದ ಚೀಟಿ ಕಳಿಸಿದ್ದರು. ಅಂಥ ಚೀಟಿ ಸಿಕ್ಕಿದ್ದರೆ ನಾನು ಬೇರೆ ಪಾತ್ರವನ್ನು ಮುಟ್ಟುತ್ತಲೇ ಇರಲಿಲ್ಲ! ಅವರಾದರೋ 1961ರಲ್ಲಿ ಮಾರ್ಗರೆಟ್ ರುದರ್‌ಫೋರ್ಡ್ ಮಿಸ್ ಮಾರ್ಪಲ್ ಆದ ಚಿತ್ರದಲ್ಲಿ ಮಿಸೆಸ್ ಕಿಡ್ಡರ್ ಎಂಬ ಮನೆಗೆಲಸದವಳಾಗಿ ನಟಿಸಿದರು. 1979ರಲ್ಲಿ ಅವರಿಗೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂದದ್ದೂ ಪೋಷಕ ಪಾತ್ರಕ್ಕೇ. ಬಿಬಿಸಿ 1984ರಲ್ಲಿ ಅವರೇ ಮಾರ್ಪಲ್ ಆದ ಟಿವಿ ಸರಣಿ ಆರಂಭಿಸಿದಾಗ ಅವರು ಐವತ್ತೇಳು ವರ್ಷ ದುಡಿದಿದ್ದ ನಟಿ, 1992ರ ಹೊತ್ತಿಗೆ ಮಾರ್ಪಲ್‌ಳ ಹನ್ನೆರಡೂ ಕಾದಂಬರಿಗಳನ್ನು ಆಧರಿಸಿದ ಕಂತುಗಳನ್ನು ಮುಗಿಸಿದರು.

ಆದ್ದರಿಂದ ಕಾಯಲೇ, ಬಿಡಲೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಂಭಾವನೆ ಕೊಡದವರನ್ನು, ಸೆಟ್‌ನಲ್ಲಿ ಮರ್ಯಾದೆಯಿಂದ ನಡೆದುಕೊಳ್ಳದವರನ್ನು ಖಂಡಿತ ಬಿಡಿ, ಆದರೆ ಅತ್ತಿಗೆಯ ಪಾತ್ರವನ್ನು ಅತ್ತಿಗೆಯದೆಂಬ ಕಾರಣಕ್ಕೆ ಬಿಡಬೇಡಿ. ಈ ವಾರ ಯಾರಿಗಾದರೂ ಬೇಡವೆಂದಿದ್ದರೆ ಇಂದೇ ಫೋನ್ ಮಾಡಿ. ನಾನು ಕಳೆದ ವರ್ಷ ಬೇರೊಂದು ತಂಡ ಸೇರಿದ್ದೇನೆ. ಸದ್ಯ ಅಂಚೆ ಕಚೇರಿಯ ಗುಮಾಸ್ತೆಯ ಪಾತ್ರ, ಒಟ್ಟು ಐದು ಮಾತು, ನಾಲ್ಕನೆಯದು ಇನ್ನೂ ನಾಲಿಗೆಗೆ ತೊಡರುತ್ತಿದೆ.