ಹೆಸರಿನ ಪಠ್ಯದಿಂದ ಒಳಗಿನ ಕ್ಲಾಸ್ ಹುಡುಕುವುದು (ರೂಬಿ)

ಸೆಟ್ಟಿಂಗ್ಸ್ ಫೈಲ್‌ನಲ್ಲಿ 'ಶಾಪ್::ಬಿಲ್::ಐಟಂ' ಅಂತ ಬರೆದಿದೆ, ಅದರಿಂದ ನಿಜವಾದ ಕ್ಲಾಸ್ ಪಡೆಯುವುದು ಹೇಗೆ ಅಂತ ಕೇಳಿದ್ದೀರಿ. ಎಲ್ಲರೂ ಇವ್ಯಾಲ್ (ಪಠ್ಯವನ್ನು ಕೋಡ್ ಆಗಿ ಓಡಿಸುವ ಮೆಥಡ್) ಕಡೆಗೇ ಕೈ ಹಾಕುತ್ತಾರೆ. ದಯವಿಟ್ಟು ಬೇಡ. ಆ ಫೈಲ್‌ನಲ್ಲಿ ಯಾರು ಏನು ಬರೆದರೂ ಅದು ಕೋಡ್ ಆಗಿ ಓಡುತ್ತದೆ.

ರೂಬಿಯಲ್ಲಿ ಕ್ಲಾಸ್ ಹೆಸರು ಅಂದರೆ ಒಂದು ಕಾನ್‌ಸ್ಟಂಟ್ (ಸ್ಥಿರ ಹೆಸರು), ಅಷ್ಟೇ. ಹಾಗಾಗಿ ಆಬ್ಜೆಕ್ಟ್ ಅನ್ನೋ ರೂಬಿಯ ಮೂಲ ಕ್ಲಾಸ್ ಮೇಲೆ, ಕಾನ್‌ಸ್ಟಂಟ್ ಹುಡುಕಿಕೊಡುವ ಕಾನ್‌ಸ್ಟ್_ಗೆಟ್ ಮೆಥಡ್ ಕರೆದು ಇಡೀ ಹೆಸರನ್ನು ಕೊಡಿ. ರೂಬಿ 2.0ರಿಂದ ಅದಕ್ಕೆ ಜೋಡಿ ಕೋಲನ್ (::) ಅರ್ಥವಾಗುತ್ತದೆ. ಹಳೆಯ ಉತ್ತರಗಳಲ್ಲಿ ಹೆಸರನ್ನು ಸ್ಪ್ಲಿಟ್ ಮಾಡಿ (ತುಂಡರಿಸಿ), ಇಂಜೆಕ್ಟ್‌ನಿಂದ ಪ್ರತಿ ತುಂಡಿಗೂ ಕಾನ್‌ಸ್ಟ್_ಗೆಟ್ ಕರೆಯುತ್ತಾ ಒಂದೊಂದೇ ಮೆಟ್ಟಿಲು ಇಳಿಯುವುದು ಕಾಣುತ್ತದೆ, ಅಲ್ವಾ? ಅದು ಆ ಕಾಲದ ಅನಿವಾರ್ಯ. ಅದರಲ್ಲೊಂದು ಕಳ್ಳ ಗುಂಡಿಯೂ ಇದೆ: ಬಿಲ್ ಒಳಗೆ ಸ್ಟ್ರಿಂಗ್ ಅನ್ನೋ ಕ್ಲಾಸ್ ಇಲ್ಲದಿದ್ದರೂ, ಹುಡುಕಾಟ ಮೇಲಕ್ಕೆ ಹೋಗಿ ರೂಬಿಯ ಸ್ವಂತ ಸ್ಟ್ರಿಂಗ್ ಅನ್ನೇ ತಂದುಕೊಡುತ್ತದೆ. ಎರರ್ ಬರುವುದಿಲ್ಲ. ತಪ್ಪು ಕ್ಲಾಸ್ ಸುಮ್ನೆ ಕೈಗೆ ಬರುತ್ತದೆ. ಕಾನ್‌ಸ್ಟ್_ಗೆಟ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಫಾಲ್ಸ್ ಕೊಟ್ಟರೆ ಇದು ನಿಲ್ಲುತ್ತದೆ. ಆದರೆ ಪೇರೆಂಟ್ ಕ್ಲಾಸ್‌ನಿಂದ ಬಂದ ಒಳ ಕ್ಲಾಸ್‌ಗಳೂ ಆಗ ಸಿಗುವುದಿಲ್ಲ.

ರೇಲ್ಸ್ (ರೂಬಿಯ ವೆಬ್ ಫ್ರೇಮ್‌ವರ್ಕ್) ಇದ್ದರೆ, ಹೆಸರಿನ ಪಠ್ಯದಿಂದ ಕ್ಲಾಸ್ ಕೊಡುವ ಕಾನ್‌ಸ್ಟಂಟೈಸ್ ಇದೆ. ಹೆಸರು ಸಿಗದಿದ್ದಾಗ ಎರರ್ ಬದಲು ನಿಲ್ (ಖಾಲಿ ಬೆಲೆ) ಸಾಕು ಅಂದರೆ ಸೇಫ್_ಕಾನ್‌ಸ್ಟಂಟೈಸ್.

ಹೆಸರು ಬಳಕೆದಾರರಿಂದ ಬರುವುದಾದರೆ ಇವೆಲ್ಲ ಬಿಡಿ. ನೀವು ಒಪ್ಪುವ ನಾಲ್ಕೈದು ಕ್ಲಾಸ್‌ಗಳ ಹ್ಯಾಶ್ (ಹೆಸರು–ಕ್ಲಾಸ್ ಜೋಡಿಗಳ ಪಟ್ಟಿ) ಮಾಡಿ, ಅದರಲ್ಲೇ ಹುಡುಕಿ.